ಗಡ್ಡೆ ಕಿವಿಯ ನರದಲ್ಲಿ, ತೊಂದರೆ ಕಣ್ಣಿಗೆ

ಕಣ್ಣು ತೋರಿಸಲು ಬರುವವರಲ್ಲಿ ಆಗಾಗ ಒಬ್ಬರ ದೂರು ಹೀಗಿರುತ್ತದೆ: "ಕೂತು ಓದಿದ್ರೆ ಎಲ್ಲಾ ಸರಿ ಕಾಣುತ್ತೆ ಡಾಕ್ಟ್ರೇ. ಎದ್ದು ನಡೆದ್ರೆ ಅಂಗಡಿ ಬೋರ್ಡುಗಳೆಲ್ಲ ಕುಣಿಯುತ್ತವೆ." ಅಷ್ಟರಲ್ಲಿ ಅವರು ಒಂದೆರಡು ಕನ್ನಡಕ ಬದಲಿಸಿಯೂ ಆಗಿರುತ್ತದೆ. ಪರೀಕ್ಷಿಸಿದರೆ ನಂಬರ್ ಸರಿಯಾಗೇ ಇರುತ್ತದೆ. ಆಗ ನಾನು ಕಣ್ಣು ಬಿಟ್ಟು ಕಿವಿಯ ವಿಷಯ ಕೇಳುತ್ತೇನೆ. ಫೋನ್ ಯಾವ ಕಿವಿಗೆ ಹಿಡಿಯುತ್ತೀರಿ? ಮೊದಲು ಇನ್ನೊಂದು ಕಿವಿಗೆ ಹಿಡಿಯುತ್ತಿದ್ದಿರಾ? ಒಂದೇ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬರುತ್ತದೆಯೇ?

ನಡೆಯುವಾಗ ದೃಷ್ಟಿ ಕುಣಿಯಲು ಬೇರೆ ಕಾರಣಗಳೂ ಇವೆ, ಅವೇ ಜಾಸ್ತಿ. ಆದರೆ ಒಂದು ಕಿವಿ ಮಾತ್ರ ಮಂದವಾಗಿದ್ದು, ನಡೆಯುವಾಗ ಜೋಲಿ ಹೋಗುತ್ತಿದ್ದರೆ ಅಕೌಸ್ಟಿಕ್ ನ್ಯೂರೋಮಾ ಇದೆಯೋ ಇಲ್ಲವೋ ನೋಡಲೇಬೇಕು. ಕೇಳುವ ಶಕ್ತಿ ಮತ್ತು ಸಮತೋಲನ ಎರಡರ ಸುದ್ದಿಯನ್ನೂ ಮೆದುಳಿಗೆ ಒಯ್ಯುವುದು ಎಂಟನೇ ನರ. ಅದರ ಸಮತೋಲನದ ಎಳೆಗಳ ಹೊದಿಕೆಯಲ್ಲಿ ಹುಟ್ಟುವ ಗಡ್ಡೆ ಇದು. ಕ್ಯಾನ್ಸರ್ ಅಲ್ಲ, ಬೇರೆ ಕಡೆ ಹರಡುವುದಿಲ್ಲ. ಬೆಳೆದರೆ ಸಾಮಾನ್ಯವಾಗಿ ವರ್ಷಕ್ಕೆ 1–2 ಮಿಲಿಮೀಟರ್. ಎಷ್ಟೋ ಗಡ್ಡೆಗಳು ವರ್ಷಗಟ್ಟಲೆ ಬೆಳೆಯದೆ ಹಾಗೇ ಇರುತ್ತವೆ. ಬಹುತೇಕ ಒಂದೇ ಕಡೆ ಬರುತ್ತದೆ. ಎರಡೂ ಕಡೆ ಬಂದರೆ 22ನೇ ವರ್ಣತಂತುವಿನ ಎನ್‌ಎಫ್2 ಜೀನ್‌ನ ದೋಷ ಹುಡುಕಬೇಕು, ಮನೆಯವರನ್ನೂ ಪರೀಕ್ಷಿಸಬೇಕು.

ಕಿವಿಯ ನರಕ್ಕೂ ಕಣ್ಣಿಗೂ ಏನು ಸಂಬಂಧ ಅಂತ ಕೇಳಬಹುದು. ಈಗಲೇ ಒಂದು ಸಣ್ಣ ಪ್ರಯೋಗ ಮಾಡಿ. ಈ ಸಾಲಿನ ಮೇಲೆ ಕಣ್ಣಿಟ್ಟು ತಲೆಯನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ಆಡಿಸಿ. ಅಕ್ಷರ ಕದಲುವುದಿಲ್ಲ, ಅಲ್ವಾ? ತಲೆ ಬಲಕ್ಕೆ ತಿರುಗಿದಷ್ಟೇ ಕಣ್ಣು ಎಡಕ್ಕೆ ತಿರುಗುತ್ತದೆ. ಆ ಆಜ್ಞೆ ಹೋಗುವುದು ಒಳಕಿವಿಯಿಂದ. ಅದಕ್ಕೆ ಸೆಕೆಂಡಿನ ಸುಮಾರು ನೂರನೇ ಒಂದು ಭಾಗ ಸಾಕು. ಗಡ್ಡೆಯಿಂದಲೋ ಆಪರೇಷನ್‌ನಿಂದಲೋ ಆ ನರ ಕೆಟ್ಟರೆ, ತಲೆ ತಿರುಗಿದಾಗ ಕಣ್ಣು ಹಿಂದೆ ಬೀಳುತ್ತದೆ. ನೋಟ ಜಾರುತ್ತದೆ. ಗಡ್ಡೆ ನಿಧಾನ ಬೆಳೆಯುವುದರಿಂದ ಮೆದುಳು ಸ್ವಲ್ಪ ಸ್ವಲ್ಪವೇ ಹೊಂದಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಗರಗರ ತಲೆಸುತ್ತು ಕಡಿಮೆ. "ಏನೋ ಸರಿ ಇಲ್ಲ" ಅನ್ನುವ ಅಸ್ಪಷ್ಟ ಕಿರಿಕಿರಿಯೇ ಜಾಸ್ತಿ.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಕಿಲ್ಲ. ಅಕ್ಷರದ ಚಾರ್ಟ್ ಮುಂದೆ ಕೂರಿಸಿ ಮೊದಲು ಸುಮ್ನೆ ಓದಿಸುತ್ತೇನೆ. ಆಮೇಲೆ ಹಿಂದೆ ನಿಂತು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಸೆಕೆಂಡಿಗೆ ಎರಡು ಸಲದಂತೆ ಅತ್ತಿತ್ತ ಆಡಿಸುತ್ತಾ ಓದಿಸುತ್ತೇನೆ. ಆರೋಗ್ಯವಂತರಿಗೆ ಒಂದು ಸಾಲು, ಹೆಚ್ಚೆಂದರೆ ಎರಡು ಸಾಲು ತಪ್ಪುತ್ತದೆ. ಮೂರು ನಾಲ್ಕು ಸಾಲು ಕೈಬಿಟ್ಟರೆ ಹೊಸ ಕನ್ನಡಕ ಬರೆಯುವುದರಲ್ಲಿ ಅರ್ಥವಿಲ್ಲ. ಮೊದಲು ಕಿವಿಯ ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ, ಅದರಲ್ಲಿ ಎರಡು ಕಿವಿಗೂ ವ್ಯತ್ಯಾಸ ಕಂಡರೆ ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಿಸುವ ಔಷಧಿ) ಕೊಟ್ಟು ಎಂಆರ್‌ಐ ಆಗಬೇಕು. ಒಂದು ಕಿವಿ ಮಂದವಾದರೆ "ವಯಸ್ಸಾಯ್ತು" ಅಂತ ಕೈಬಿಡುವುದು ನನಗೆ ತುಂಬಾ ಬೇಸರ ತರಿಸುತ್ತದೆ. ವಯಸ್ಸು ಎರಡೂ ಕಿವಿಗೆ ಒಟ್ಟಿಗೇ ಆಗುತ್ತದೆ.

ಗಡ್ಡೆ ಇದೆ ಅಂತ ಗೊತ್ತಾದವರ ದಿನನಿತ್ಯದ ಕಷ್ಟಗಳನ್ನು ಮನೆಯವರು ಅರ್ಥ ಮಾಡಿಕೊಳ್ಳುವುದು ಕಮ್ಮಿ. ದೇಹ ನೆಟ್ಟಗೆ ನಿಲ್ಲಲು ಒಳಕಿವಿ, ಕಣ್ಣು, ಕಾಲಿನ ಸ್ಪರ್ಶ ಮೂರೂ ಬೇಕು. ಒಂದು ಸೋತಾಗ ಕಣ್ಣಿನ ಮೇಲೆ ಭಾರ ಬೀಳುತ್ತದೆ. ಅದಕ್ಕೇ ಕರೆಂಟ್ ಹೋದರೆ ಇವರು ಗೋಡೆ ಹಿಡಿಯುತ್ತಾರೆ. ತಲೆಗೆ ಶಾಂಪೂ ಹಚ್ಚಿ ಕಣ್ಣು ಮುಚ್ಚಿದರೆ ಬೀಳುವಂತಾಗುತ್ತದೆ. ಬಚ್ಚಲಲ್ಲಿ ಒಂದು ಹಿಡಿಕೆ, ಮಂಚದಿಂದ ಟಾಯ್ಲೆಟ್‌ವರೆಗೆ ರಾತ್ರಿ ದೀಪ ಹಾಕಿಸಿ ಅಂತ ನಾನು ಮೊದಲ ದಿನವೇ ಹೇಳುತ್ತೇನೆ. ಸೂಪರ್ ಮಾರ್ಕೆಟ್‌ನ ಸಾಲು ಸಾಲು ಕಪಾಟು, ಜಾತ್ರೆಯ ಜನ, ಮೊಬೈಲ್‌ನಲ್ಲಿ ಓಡುವ ಚಿತ್ರಗಳು, ಇವೆಲ್ಲ ತಲೆ ಭಾರ ಮಾಡುತ್ತವೆ. ಒಂದು ಕಿವಿ ಕೇಳದಿದ್ದರೆ ಹಾರ್ನ್ ಯಾವ ಕಡೆಯಿಂದ ಬಂತು ಅಂತಲೂ ಗೊತ್ತಾಗುವುದಿಲ್ಲ, ಅದನ್ನೂ ಕಣ್ಣೇ ಹುಡುಕಬೇಕು. ಸಂಜೆಗೆ ಸುಸ್ತಾಗುವುದು ಸೋಮಾರಿತನ ಅಲ್ಲ.

ಕನ್ನಡಕದ ಬಗ್ಗೆ ಒಂದು ಮಾತು. ದೂರ, ಹತ್ತಿರ ಎರಡೂ ಸೇರಿದ ಪ್ರೋಗ್ರೆಸಿವ್ ಗಾಜಿನ ಅಂಚಿನಲ್ಲಿ ನೋಟ ಸ್ವಲ್ಪ ಬಾಗುತ್ತದೆ. ಮಾಮೂಲಿ ಜನರಿಗೆ ಅದು ರೂಢಿಯಾಗುತ್ತದೆ. ಇವರಲ್ಲಿ ಹಲವರಿಗೆ ಆಗುವುದೇ ಇಲ್ಲ. ಹಾಗಾಗಿ ನಡೆಯಲು ಒಂದು, ಓದಲು ಒಂದು ಬೇರೆ ಬೇರೆ ಕನ್ನಡಕ ಇಟ್ಟುಕೊಳ್ಳಿ ಅನ್ನುತ್ತೇನೆ. ಬೆಲೆಯೂ ಕಡಿಮೆ.

ಗಡ್ಡೆ ದೊಡ್ಡದಾದರೆ ಕಥೆಯೇ ಬೇರೆ. ಮೆದುಳಿನ ನೀರು ಹರಿಯುವ ದಾರಿ ಒತ್ತಿಹೋಗಿ ತಲೆಯೊಳಗೆ ಒತ್ತಡ ಏರುತ್ತದೆ. ಬೆಳಗ್ಗೆ ತಲೆನೋವು, ವಾಂತಿ, ವಸ್ತು ಎರಡೆರಡಾಗಿ ಕಾಣುವುದು, ಬಗ್ಗಿ ಎದ್ದಾಗ ಕೆಲವು ಸೆಕೆಂಡು ಕಣ್ಣು ಕತ್ತಲೆ ಬರುವುದು ಶುರುವಾಗುತ್ತದೆ. ಕಣ್ಣಿನ ಹಿಂದಿನ ನರ ಊದಿಕೊಂಡಿರುತ್ತದೆ. ಆದರೆ ಆಗಲೂ ಚಾರ್ಟ್‌ನಲ್ಲಿ ಕೊನೆಯ ಸಾಲಿನವರೆಗೆ ಓದಿಬಿಡಬಹುದು! ಅದಕ್ಕೇ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಒಳಗೆ ನೋಡದೆ "ಕಣ್ಣು ಚೆನ್ನಾಗಿದೆ" ಅನ್ನಬಾರದು. ನೂರು ವರ್ಷದ ಹಿಂದೆ, ಅಮೆರಿಕದ ಮೆದುಳು ಶಸ್ತ್ರತಜ್ಞ ಹಾರ್ವೆ ಕುಶಿಂಗ್ ಈ ಗಡ್ಡೆಗಳಿಗೆ ಆಪರೇಷನ್ ಮಾಡುತ್ತಿದ್ದ ಕಾಲದಲ್ಲಿ, ರೋಗಿಗಳು ದೃಷ್ಟಿ ಮಸುಕಾದ ಮೇಲೆಯೇ ಬರುತ್ತಿದ್ದುದು ಸಾಮಾನ್ಯ. ಈಗ ಎಂಆರ್‌ಐ ಇರುವಾಗ ಆ ಹಂತಕ್ಕೆ ಬಿಡಬಾರದು.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೆದರುವ ವಿಷಯ. ಎಂಟನೇ ನರಕ್ಕೆ ಅಂಟಿಕೊಂಡೇ ಏಳನೇ ನರ ಹೋಗುತ್ತದೆ. ಮುಖದ ಸ್ನಾಯುಗಳು ಆಡುವುದು, ರೆಪ್ಪೆ ಮುಚ್ಚುವುದು ಅದರಿಂದ. ಕಣ್ಣೀರಿಗೆ ಆಜ್ಞೆ ಕೊಡುವ ಎಳೆಗಳೂ ಅದರ ಜೊತೆಗೇ ಇವೆ. ಸ್ವಲ್ಪ ಮೇಲೆ ಐದನೇ ನರ, ಕಾರ್ನಿಯಾದ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ) ಸ್ಪರ್ಶ ಅದರದ್ದು. ದೊಡ್ಡ ಗಡ್ಡೆ ತೆಗೆದಾಗ ಏಳನೇ ನರ ತಿಂಗಳುಗಟ್ಟಲೆ ಮಲಗಿಬಿಡಬಹುದು. ಬಾಯಿ ಸೊಟ್ಟಗಾಗಿದ್ದನ್ನು ಎಲ್ಲರೂ ನೋಡಿ ಮರುಗುತ್ತಾರೆ. ಮುಚ್ಚದ ಕಣ್ಣನ್ನು ಯಾರೂ ಗಮನಿಸುವುದಿಲ್ಲ. ಅದರ ಜೊತೆ ಐದನೇ ನರವೂ ಸೋತಿದ್ದರೆ ಆ ಕಣ್ಣಿಗೆ ಒಣಗಿದ್ದೂ ಗೊತ್ತಾಗುವುದಿಲ್ಲ, ಧೂಳು ಬಿದ್ದಿದ್ದೂ ಗೊತ್ತಾಗುವುದಿಲ್ಲ, ಹುಣ್ಣಾದರೂ ನೋಯುವುದಿಲ್ಲ. "ಏನೂ ನೋವಿಲ್ಲ ಡಾಕ್ಟ್ರೇ, ಸ್ವಲ್ಪ ಕೆಂಪಗಿದೆ ಅಷ್ಟೇ" ಅಂತ ಬಂದವರ ಕಾರ್ನಿಯಾದಲ್ಲಿ ಬಿಳಿ ಹುಣ್ಣು ಕಂಡಿದ್ದೇನೆ. ಹತ್ತಿಯ ತುದಿಯನ್ನು ಎಳೆದು ನೂಲಿನಷ್ಟು ತೆಳ್ಳಗೆ ಮಾಡಿ, ಪಕ್ಕದಿಂದ ತಂದು ಕರಿಗುಡ್ಡೆಗೆ ತಾಕಿಸಿದರೆ ಯಾರಾದರೂ ಬೆಚ್ಚಿ ಹಿಂದೆ ಸರಿಯುತ್ತಾರೆ. ಇವರು ಕೇಳುತ್ತಾರೆ: "ಶುರು ಮಾಡಿದ್ರಾ?"

ಇಂಥ ಕಣ್ಣಿನ ಆರೈಕೆ ಸಮಯಕ್ಕೆ ಸರಿಯಾಗಿ ನಡೆಯಬೇಕು, ಉರಿ ಬಂದಾಗ ಮಾತ್ರ ಡ್ರಾಪ್ಸ್ ಹಾಕಿದರೆ ಸಾಲದು. ಉರಿ ಬರುವುದೇ ಇಲ್ಲವಲ್ಲ! ಮೊದಮೊದಲು ಎಚ್ಚರವಿದ್ದಾಗ ಗಂಟೆಗೊಮ್ಮೆ ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ರಾತ್ರಿ ಆಯಿಂಟ್‌ಮೆಂಟ್. "ನೀರು ಸುರೀತಾನೇ ಇದೆ, ಮತ್ತ್ಯಾಕೆ ಡ್ರಾಪ್ಸ್?" ಅಂತ ಕೇಳುತ್ತಾರೆ. ಕೆಳರೆಪ್ಪೆ ಜೋತುಬಿದ್ದು, ಮಿಟುಕದ ಕಣ್ಣಿನಿಂದ ನೀರು ಹೊರಗೆ ಹರಿಯುತ್ತದೆ. ಕಾರ್ನಿಯಾದ ಮೇಲೆ ಹರಡುವುದಿಲ್ಲ. ಮುಂದೆ ನರ ಮತ್ತೆ ಚಿಗುರುವಾಗ ಎಳೆಗಳು ದಾರಿ ತಪ್ಪಿ, ಊಟ ಮಾಡುವಾಗ ಕಣ್ಣೀರು ಬರುವುದೂ ಉಂಟು.

ಟೇಪ್ ಹಾಕುವ ಕ್ರಮವನ್ನು ಮನೆಯವರಿಗೆ ಕೈ ಹಿಡಿದು ಕಲಿಸುತ್ತೇನೆ. ಮೊದಲು ಆಯಿಂಟ್‌ಮೆಂಟ್. ಆಮೇಲೆ ಮೇಲಿನ ರೆಪ್ಪೆಯನ್ನು ಬೆರಳಿಂದ ಪೂರ್ತಿ ಕೆಳಗೆ ತಂದು, ಬಿಳಿ ಕಾಣದಂತೆ ಮುಚ್ಚಿ, ರೆಪ್ಪೆಯ ಜಿಡ್ಡು ಒರೆಸಿ, ಅದರ ಮೇಲೆ ಟೇಪ್. ತೆರೆದ ಕಣ್ಣಿನ ಮೇಲೆ ಹತ್ತಿ, ಗಾಜ್ ಬಟ್ಟೆ ಇಟ್ಟು ಕಟ್ಟಲೇಬೇಡಿ. ಒಳಗೆ ಕಣ್ಣು ತೆರೆದುಕೊಂಡರೆ ಆ ಬಟ್ಟೆ ರಾತ್ರಿಯಿಡೀ ಕಾರ್ನಿಯಾವನ್ನು ಉಜ್ಜುತ್ತದೆ. ನಿದ್ದೆ ಬಂದ ಮೇಲೆ ಟಾರ್ಚ್ ಹಿಡಿದು ಒಮ್ಮೆ ನೋಡಿ. ಬೈಕ್, ಬಸ್ಸಿನ ಕಿಟಕಿ, ಫ್ಯಾನಿನ ನೇರ ಗಾಳಿ ಬೇಡ. ಹೊರಗೆ ಹೋದರೆ ಪಕ್ಕ ಮುಚ್ಚಿದ ಕನ್ನಡಕ ಇರಲಿ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ ಯಾವುದೂ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಅಂತೂ ಸ್ಪರ್ಶವಿಲ್ಲದ ಕಾರ್ನಿಯಾವನ್ನು ಕರಗಿಸಿಬಿಡಬಹುದು. ಕೆಂಪು ಹೆಚ್ಚಾದರೆ, ಬಿಳಿ ಚುಕ್ಕೆ ಕಂಡರೆ, ನೋಟ ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕು.

ನರ ಬೇಗ ಚೇತರಿಸಿಕೊಳ್ಳುವ ಲಕ್ಷಣ ಇಲ್ಲದಿದ್ದರೆ ಮೇಲಿನ ರೆಪ್ಪೆಯೊಳಗೆ ಸುಮಾರು 1 ಗ್ರಾಂ ತೂಕದ ಚಿನ್ನ ಅಥವಾ ಪ್ಲಾಟಿನಂ ತುಂಡು ಇಡುತ್ತೇವೆ. ಭಾರಕ್ಕೆ ರೆಪ್ಪೆ ತಾನೇ ಇಳಿಯುತ್ತದೆ. ಮಲಗಿದಾಗ ಭಾರ ಆ ಕಡೆ ಎಳೆಯುವುದಿಲ್ಲವಾದ್ದರಿಂದ ರಾತ್ರಿಯ ಆಯಿಂಟ್‌ಮೆಂಟ್ ಬಿಡುವಂತಿಲ್ಲ. ಸ್ಪರ್ಶವೂ ಇಲ್ಲದ ಕಣ್ಣಿಗೆ ರೆಪ್ಪೆಗಳ ಅಂಚನ್ನು ಸ್ವಲ್ಪ ಹೊಲಿಯುವುದು ಒಳ್ಳೆಯದು. ನೋಡಲು ಚೆಂದ ಇರುವುದಿಲ್ಲ ಅಂತ ಬಹಳ ಜನ ಹಿಂಜರಿಯುತ್ತಾರೆ, ಅದು ಸಹಜ. ಮುಂದೆ ನರ ಚೇತರಿಸಿದರೆ ಅದನ್ನು ಬಿಚ್ಚಬಹುದು. ಕಾರ್ನಿಯಾದ ಕಲೆಯನ್ನು ಹಾಗೆ ಬಿಚ್ಚಲು ಆಗುವುದಿಲ್ಲ.

ಎಲ್ಲ ಗಡ್ಡೆಗೂ ಆಪರೇಷನ್ ಬೇಕಿಲ್ಲ. ಸಣ್ಣದಾಗಿದ್ದರೆ ಕಾಲಕಾಲಕ್ಕೆ ಎಂಆರ್‌ಐ ಮಾಡಿಸುತ್ತಾ ಕಾಯಬಹುದು. ಗಾಮಾ ನೈಫ್ ಕಿರಣ ಚಿಕಿತ್ಸೆ ಈ ಗಡ್ಡೆಗೆ 1969ರಲ್ಲಿ ಸ್ವೀಡನ್‌ನಲ್ಲಿ ಮೊದಲಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಯಾವುದು ಸರಿ ಅನ್ನುವುದು ಗಡ್ಡೆಯ ಗಾತ್ರ, ವಯಸ್ಸು, ಉಳಿದಿರುವ ಶ್ರವಣ ಇವುಗಳ ಮೇಲೆ ನರ ಶಸ್ತ್ರತಜ್ಞರು ತೀರ್ಮಾನಿಸುವ ವಿಷಯ. ನನ್ನ ಕೋರಿಕೆ ಇಷ್ಟೇ: ಆಪರೇಷನ್ ದಿನ ಗೊತ್ತಾದ ಕೂಡಲೇ ಒಮ್ಮೆ ಕಣ್ಣು ತೋರಿಸಿ. ಕಾರ್ನಿಯಾದ ಸ್ಪರ್ಶ, ಕಣ್ಣೀರಿನ ಪ್ರಮಾಣ, ಒಳಗಿನ ನರದ ಸ್ಥಿತಿ ಬರೆದಿಟ್ಟುಕೊಳ್ಳುತ್ತೇವೆ. ಡ್ರಾಪ್ಸ್, ಆಯಿಂಟ್‌ಮೆಂಟ್, ಟೇಪ್ ಬ್ಯಾಗಿಗೆ ಹಾಕಿಕೊಂಡೇ ಆಸ್ಪತ್ರೆಗೆ ಸೇರಿ. ಎಚ್ಚರವಾದ ಮೇಲೆ ಕಣ್ಣು ಪೂರ್ತಿ ಮುಚ್ಚುತ್ತಿದೆಯಾ ಅಂತ ಜೊತೆಯಲ್ಲಿರುವವರು ನೋಡಲಿ, ಮುಚ್ಚದಿದ್ದರೆ ಅವತ್ತೇ ವಾರ್ಡಿನ ಡಾಕ್ಟರಿಗೆ ಹೇಳಲಿ.