ನಂಬರ್ ಇಲ್ಲದ ದೂರು

‘ಡ್ರೈವರ್ ಸಿಕ್ಕಾಪಟ್ಟೆ ಓಡಿಸ್ತಿದ್ದಾನೆ, ಏನಾದ್ರೂ ಮಾಡಿ’ ಎಂದಷ್ಟೇ ಬಸ್ ಸಂಸ್ಥೆಯ ದೂರು ವಿಭಾಗಕ್ಕೆ ಹೇಳಿ ಫೋನ್ ಇಟ್ಟರೆ ಆ ದೂರು ಅಲ್ಲಿಗೇ ಮುಗಿಯಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಯಾವ ಬಸ್ಸು ಎಂದು ತಿಳಿಯದೆ ಯಾರನ್ನು ಕರೆದು ವಿಚಾರಿಸುವುದು?

ಹೆಚ್ಚಿನವರು ರೂಟ್ ನಂಬರ್ ಹೇಳುತ್ತಾರೆ. ಒಂದೇ ರೂಟಿನಲ್ಲಿ ಒಂದೇ ಹೊತ್ತಿಗೆ ಹಲವು ಬಸ್ಸುಗಳಿರುತ್ತವೆ, ಹಾಗಾಗಿ ಬೇಕಾದದ್ದು ನೋಂದಣಿ ಸಂಖ್ಯೆ. ಒಳಗೆ ಕೂತವರಿಗೆ ಪ್ಲೇಟ್ ಕಾಣದು. ಡ್ರೈವರ್ ಸೀಟಿನ ಹಿಂದೆ, ಬಾಗಿಲ ಪಕ್ಕ ಕಣ್ಣಾಡಿಸಿ, ಅನೇಕ ಬಸ್ಸುಗಳಲ್ಲಿ ಬರೆದಿರುತ್ತಾರೆ. ಟಿಕೆಟ್ ಎಸೆಯಬೇಡಿ, ಅದರ ಮೇಲೂ ಇರಬಹುದು. ಇಳಿದ ಮೇಲೆ ಬಸ್ಸಿನ ಹಿಂಭಾಗದ್ದೊಂದು ಫೋಟೋ ತೆಗೆದರೆ ನಂಬರೂ ಸಿಕ್ಕಿತು, ಸಮಯವೂ ದಾಖಲಾಯಿತು.

ಸಮಯ ಎಂದರೆ ‘ಸಂಜೆ ಆರು, ಆರೂವರೆ’ ಅಲ್ಲ. ಅದೇ ಬಸ್ಸಿನಲ್ಲಿ ಪಾಳಿ ಬದಲಾಗಿ ಬೇರೆ ಡ್ರೈವರ್ ಕೂತಿರಬಹುದು. ಅರ್ಧ ಗಂಟೆ ಆಚೀಚೆಯಾದರೆ ತಪ್ಪೇ ಮಾಡದವನಿಗೆ ನೋಟಿಸ್ ಹೋಗುತ್ತದೆ.

ಇನ್ನು ನಡೆದದ್ದನ್ನು ಹೇಳುವ ಬಗೆ. ‘ನೂರರಲ್ಲಿ ಹೋಗ್ತಿದ್ದ’ ಎಂಬ ಅಂದಾಜು ಬೇಡ. ಬಸ್ಸಿನ ಜಿಪಿಎಸ್ ದಾಖಲೆಯಲ್ಲಿ 58 ಕಂಡರೆ ನೀವು ಹೇಳಿದ ಉಳಿದ ಸತ್ಯವೂ ಸಡಿಲವಾಗುತ್ತದೆ. ‘6.12ಕ್ಕೆ, ಇಂಥ ಸ್ಟಾಪ್ ದಾಟಿದ ಮೇಲೆ, ಕೆಂಪು ದೀಪವಿದ್ದರೂ ನುಗ್ಗಿದ’ ಎನ್ನಿ. ವೇಗವನ್ನು ಜಿಪಿಎಸ್ ತೋರಿಸುತ್ತದೆ. ಸಿಗ್ನಲ್ ಹಾರಿಸಿದ್ದನ್ನು, ಕೈಯಲ್ಲಿ ಮೊಬೈಲ್ ಹಿಡಿದದ್ದನ್ನು ತೋರಿಸದು. ಅದಕ್ಕೆ ಕ್ಯಾಮೆರಾ ಬೇಕು, ಇಲ್ಲವೇ ನಿಮ್ಮ ಮಾತು. ಮೊಬೈಲ್ ಚಿಕ್ಕ ತಪ್ಪೇನಲ್ಲ: ಗಂಟೆಗೆ 60 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಪರದೆ ನೋಡಿದರೆ ಬಸ್ಸು ಸುಮಾರು 33 ಮೀಟರ್ ಕಣ್ಣು ಮುಚ್ಚಿಕೊಂಡೇ ಓಡಿದಂತೆ.

ಡ್ರೈವರ್ ತೂಕಡಿಸುತ್ತಿದ್ದರೆ, ಕುಡಿದಂತಿದ್ದರೆ ದೂರು ವಿಭಾಗದ ಫೋನ್ ನಂಬರ್ ಬಿಡಿ, ನೇರ ತುರ್ತು ಸಂಖ್ಯೆಗೆ ಕರೆ ಮಾಡಿ. ಆಗ ಮೊದಲು ಹೇಳಬೇಕಾದದ್ದು ಬಸ್ಸು ಈಗ ಎಲ್ಲಿದೆ, ಯಾವ ಕಡೆ ಹೊರಟಿದೆ, ಮುಂದಿನ ಸ್ಟಾಪ್ ಯಾವುದು ಎಂಬುದನ್ನು. ಮಾತು ಹಿಂದಿನ ಸೀಟಿನಿಂದ, ಮೆಲುದನಿಯಲ್ಲಿರಲಿ. ಓಡುತ್ತಿರುವ ಬಸ್ಸಿನಲ್ಲಿ ಡ್ರೈವರ್ ಮುಖಕ್ಕೆ ಕ್ಯಾಮೆರಾ ಹಿಡಿದು ಜಗಳ ತೆಗೆದರೆ ಅವನ ಗಮನ ಇನ್ನಷ್ಟು ರಸ್ತೆ ಬಿಡುತ್ತದೆ. ನೀವೇ ಬೇರೆ ಗಾಡಿ ಓಡಿಸುತ್ತಿದ್ದರೆ ಬದಿಗೆ ನಿಲ್ಲಿಸಿಯೇ ಫೋನ್ ಎತ್ತಿಕೊಳ್ಳಿ.

ಉಳಿದ ದೂರುಗಳನ್ನು ಅದೇ ದಿನ ಹೇಳಿ. ಬಸ್ಸಿನ ಕ್ಯಾಮೆರಾದಲ್ಲಿ ಜಾಗ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ದೂರಿನ ಕ್ರಮಸಂಖ್ಯೆ ಕೇಳಿ ಬರೆದುಕೊಳ್ಳಿ; ಅದಿಲ್ಲದಿದ್ದರೆ ಮತ್ತೆ ಕರೆ ಮಾಡಿದಾಗ ಎಲ್ಲವನ್ನೂ ಮೊದಲಿಂದ ಹೇಳಬೇಕಾದೀತು.