ಆಟ ಅವರದು, ರೂಲ್ಸ್ ಇವರದು

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇರುತ್ತೆ ಅಂದಾಗ ನಮ್ಮಲ್ಲಿ ಅದು ದೊಡ್ಡ ಸುದ್ದಿಯಾಯಿತು. ಅದೇ ಪಟ್ಟಿಯಲ್ಲಿ ಲ್ಯಾಕ್ರಾಸ್ ಕೂಡ ಇತ್ತು. ಇಲ್ಲಿ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅತ್ತ ಉತ್ತರ ಅಮೆರಿಕದಲ್ಲಿ ಮಾತ್ರ ಹಳೇ ತಕರಾರೊಂದು ಮತ್ತೆ ಎದ್ದಿತು. ಈ ಆಟವನ್ನು ತಲೆಮಾರುಗಳಿಂದ ಆಡಿಕೊಂಡು ಬಂದ ಅಲ್ಲಿನ ಮೂಲನಿವಾಸಿಗಳಾದ ಹೊಡೆನೊಶೋನಿ ಜನ ತಮ್ಮದೇ ಹೆಸರಿನ ತಂಡ ಇಳಿಸಬಹುದೋ ಇಲ್ಲವೋ? ಈ ತಕರಾರಿನ ಬೇರು ಇರುವುದು ಹತ್ತೊಂಬತ್ತನೇ ಶತಮಾನದಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ.

ಲ್ಯಾಕ್ರಾಸ್ ಅಂದರೆ ಉದ್ದನೆಯ ಕೋಲು, ಅದರ ಬಾಗಿದ ತುದಿಗೆ ಹೆಣೆದ ಬಲೆ. ಚೆಂಡನ್ನು ಬಲೆಯಲ್ಲೇ ಹಿಡಿಯಬೇಕು, ಬಲೆಯಿಂದಲೇ ಎಸೆಯಬೇಕು. ಮೊದಲು ಹಿಕರಿ ಮರದ ಕೋಲನ್ನು ಬಗ್ಗಿಸಿ, ಚರ್ಮದ ದಾರದಿಂದ ಬಲೆ ಹೆಣೆಯುತ್ತಿದ್ದರು. ಕೂದಲು ತುಂಬಿದ ಜಿಂಕೆ ಚರ್ಮದ ಚೆಂಡೂ ಇತ್ತು. ಊರಿಗೆ ಊರೇ ಎದುರಾದರೆ ನೂರಾರು ಜನ ಆಡುತ್ತಿದ್ದರು, ದಿನಗಟ್ಟಲೆ ಆಡಿದ್ದೂ ಉಂಟು. ಹೊಡೆನೊಶೋನಿಗಳಿಗೆ ಇದು ಸೃಷ್ಟಿಕರ್ತನ ಆಟ. ಕಾಯಿಲೆ ಬಿದ್ದವರು ಗುಣವಾಗಲಿ ಅಂತಲೂ ಆಡಿಸುತ್ತಾರೆ.

ಬ್ರಿಟಿಷರಿಗೆ ಈ ಆಟದ ರುಚಿ ಸಿಕ್ಕಿದ್ದು ಒಂದು ಪೆಟ್ಟಿನಿಂದ. 1763ರ ಜೂನ್‌ನಲ್ಲಿ ಬ್ರಿಟಿಷರ ಮಿಷಿಲಿಮ್ಯಾಕಿನಾಕ್ ಕೋಟೆಯ ಮುಂದೆ ಒಜಿಬ್ವೆ ಮತ್ತು ಸಾಕ್ ಎಂಬ ಮೂಲನಿವಾಸಿ ಜನ ಆಟ ಹೂಡಿದರು. ಸೈನಿಕರು ಬಾಗಿಲು ತೆರೆದಿಟ್ಟು ನೋಡುತ್ತಾ ನಿಂತರು. ಚೆಂಡು ಬಾಗಿಲ ಕಡೆ ಹಾರಿತು, ಆಟಗಾರರು ಅದರ ಹಿಂದೆ ಓಡಿದರು. ಹೆಂಗಸರು ಕಂಬಳಿಯೊಳಗೆ ಬಚ್ಚಿಟ್ಟುಕೊಂಡಿದ್ದ ಆಯುಧಗಳು ಆಟಗಾರರ ಕೈ ಸೇರಿದವು. ಕೋಟೆ ಹೋಯಿತು.

ನೂರು ವರ್ಷದಲ್ಲಿ ಚಿತ್ರ ಬದಲಾಯಿತು. ಮಾಂಟ್ರಿಯಲ್‌ನ ಬ್ರಿಟಿಷ್ ಅಧಿಕಾರಿಗಳು, ವ್ಯಾಪಾರಿಗಳು ತಮ್ಮ ನಾಡಿನ ಆಟಗಳನ್ನು ಹೊತ್ತು ತಂದಿದ್ದರು. ಸ್ಕಾಟಿಷ್ ವ್ಯಾಪಾರಿಗಳು 1807ರಲ್ಲೇ ಕರ್ಲಿಂಗ್ (ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ) ಕ್ಲಬ್ ಕಟ್ಟಿದ್ದರು. ಕ್ರಿಕೆಟ್ಟೂ ಇತ್ತು. ಜಗತ್ತಿನ ಮೊದಲ ಅಂತಾರಾಷ್ಟ್ರೀಯ ಕ್ರಿಕೆಟ್ ಪಂದ್ಯ ಅಂತ ಲೆಕ್ಕಕ್ಕಿರುವುದು 1844ರಲ್ಲಿ ಕೆನಡಾ ಮತ್ತು ಅಮೆರಿಕ ನ್ಯೂಯಾರ್ಕ್‌ನಲ್ಲಿ ಆಡಿದ ಪಂದ್ಯ. ಗೆದ್ದದ್ದು ಕೆನಡಾ! ಆದರೆ ಕ್ಲಬ್ಬು, ಆಟ ಎಲ್ಲ ಬಿಡುವಿದ್ದವರಿಗೆ. ವಾರಕ್ಕೆ ಆರು ದಿನ ದುಡಿಯುವ ಕೂಲಿಯವನಿಗೆ ಉಳಿಯುತ್ತಿದ್ದುದು ಭಾನುವಾರ ಒಂದೇ. ಅವತ್ತು ಆಡಿದರೆ ಪಾದ್ರಿಗಳಿಗೆ ಸಿಟ್ಟು.

ಈ ಕ್ಲಬ್ಬಿನ ಜನ ಮೂಲನಿವಾಸಿಗಳ ಹಿಮಪಾದುಕೆಯನ್ನು, ಅಂದರೆ ಹಿಮದ ಮೇಲೆ ನಡೆಯಲು ಕಾಲಿಗೆ ಕಟ್ಟುವ ಅಗಲ ಪಾದುಕೆಯನ್ನು, ಮೊದಲು ಹವ್ಯಾಸವಾಗಿ ಮಾಡಿಕೊಂಡರು, ಆಮೇಲೆ ಲ್ಯಾಕ್ರಾಸ್. 1856ರಲ್ಲಿ ಮಾಂಟ್ರಿಯಲ್ ಲ್ಯಾಕ್ರಾಸ್ ಕ್ಲಬ್ ಹುಟ್ಟಿತು. ಆಟಕ್ಕೆ ಕಟ್ಟಳೆ ಹಾಕಿದವನು ಜಾರ್ಜ್ ಬಿಯರ್ಸ್ ಅನ್ನುವ ಹಲ್ಲಿನ ಡಾಕ್ಟರು. ತಂಡಕ್ಕೆ ಹನ್ನೆರಡು ಜನ, ರಬ್ಬರ್ ಚೆಂಡು, ಐದರಲ್ಲಿ ಮೂರು ಗೋಲು ಹೊಡೆದವರಿಗೆ ಗೆಲುವು. 1867ರಲ್ಲಿ, ಕೆನಡಾ ಒಕ್ಕೂಟವಾದ ವರ್ಷವೇ, ಕಿಂಗ್ಸ್ಟನ್‌ನಲ್ಲಿ ಕ್ಲಬ್ಬುಗಳು ಸೇರಿ ರಾಷ್ಟ್ರೀಯ ಲ್ಯಾಕ್ರಾಸ್ ಸಂಘ ಕಟ್ಟಿದವು. ಇದೇ ನಮ್ಮ ರಾಷ್ಟ್ರೀಯ ಆಟ ಅಂತ ಬಿಯರ್ಸ್ ಪ್ರಚಾರಕ್ಕಿಳಿದ. ಆ ವರ್ಷ ಸಂಸತ್ತೇ ಹಾಗೆ ಘೋಷಿಸಿತು ಅನ್ನುವ ಕಥೆ ಇವತ್ತಿಗೂ ಓಡಾಡುತ್ತಿದೆ. ಸುಮ್ನೆ ಕಥೆ ಅದು. ಕಾನೂನು ಬಂದದ್ದು 1994ರಲ್ಲಿ. ಚಳಿಗಾಲಕ್ಕೆ ಐಸ್ ಹಾಕಿ, ಬೇಸಿಗೆಗೆ ಲ್ಯಾಕ್ರಾಸ್ ಅಂತ.

ಆ 1867ರ ನಿಯಮಗಳಲ್ಲೇ ಒಂದು ಸಾಲು ಸೇರಿಕೊಂಡಿತ್ತು: ಮೊದಲೇ ಒಪ್ಪಂದವಾಗದ ಹೊರತು ಬಿಳಿಯರ ಕ್ಲಬ್ಬಿನ ಪರ 'ಇಂಡಿಯನ್' (ಅಂದರೆ ಅಲ್ಲಿನ ಮೂಲನಿವಾಸಿ) ಆಡುವಂತಿಲ್ಲ. ಕಾರಣ ಊಹಿಸುವುದು ಕಷ್ಟವೇನಲ್ಲ. ಅವರು ಬಂದರೆ ಗೆಲ್ಲುತ್ತಿದ್ದರು, ಅಷ್ಟೇ.

ಹಾಗಂತ ಅವರನ್ನು ಪೂರ್ತಿ ಬಿಡುವ ಹಾಗೂ ಇರಲಿಲ್ಲ. ಟಿಕೆಟ್ ಮಾರಾಟವಾಗಬೇಕಲ್ಲ! 1876ರಲ್ಲಿ ಬಿಯರ್ಸ್ ಮಾಂಟ್ರಿಯಲ್ ತಂಡದ ಜೊತೆ ಪಕ್ಕದ ಕಾನವಾಕೆಯ ಮೊಹಾಕ್ (ಹೊಡೆನೊಶೋನಿಗಳಲ್ಲಿ ಒಂದು ಜನ) ಆಟಗಾರರನ್ನೂ ಬ್ರಿಟನ್‌ಗೆ ಕರೆದೊಯ್ದ. ಮಣಿ, ಗರಿ ತೊಡಿಸಿ ಆಡಿಸಿದರು. ವಿಂಡ್ಸರ್‌ನಲ್ಲಿ ವಿಕ್ಟೋರಿಯಾ ರಾಣಿಯೂ ನೋಡಿದಳು. 1883ರ ಪ್ರವಾಸದಲ್ಲಂತೂ ಆಟದ ಜೊತೆಗೇ ಕೆನಡಾಕ್ಕೆ ವಲಸೆ ಬನ್ನಿ ಅನ್ನುವ ಕರಪತ್ರ ಹಂಚಿದರು. ಯಾರ ನೆಲಕ್ಕೆ ಜನ ಕರೆಯುತ್ತಿದ್ದರೋ ಅವರೇ ಮೈದಾನದಲ್ಲಿ ಆಕರ್ಷಣೆ. ಇದಕ್ಕಿಂತ ಕಹಿ ವಿಷಯ ಈ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ಬಾಗಿಲು ಮುಚ್ಚಿದ್ದು 1880ರಲ್ಲಿ. ಸಂಘ ಇನ್ನು ಅಮೆಚೂರ್‌ಗಳಿಗೆ ಮಾತ್ರ ಅಂದಿತು. ದುಡ್ಡು ತಗೊಂಡವನು ಅಮೆಚೂರ್ ಅಲ್ಲ. ಕೆಲಸ ಬಿಟ್ಟು ಬರುವ ಮೂಲನಿವಾಸಿಗಳಿಗೆ ಖರ್ಚಿನ ಕಾಸು ಕೊಡುತ್ತಿದ್ದುದು ಕ್ಲಬ್ಬುಗಳೇ. ಆ ಕಾಸನ್ನೇ ನೆಪ ಮಾಡಿ ಚಾಂಪಿಯನ್‌ಷಿಪ್‌ನಿಂದ ಹೊರಗಿಟ್ಟರು. ನಿಯಮದಲ್ಲಿ ಬಣ್ಣದ ಮಾತೇ ಇಲ್ಲ, ಆದರೂ ಕೆಲಸ ಆಯಿತು. ದುಡಿಯುವ ಐರಿಷ್ ಜನರ ಷ್ಯಾಮ್‌ರಾಕ್ಸ್ ತಂಡವನ್ನು ಕಂಡರೂ ಕೋಟು ಹಾಕಿದವರಿಗೆ ಆಗುತ್ತಿರಲಿಲ್ಲ. ಆದರೆ ಅವರನ್ನು ಹೊರಗೆ ಹಾಕಲಾಗಲಿಲ್ಲ. ಅವರು ಗೆಲ್ಲುತ್ತಲೇ ಹೋದರು.

1983ರಲ್ಲಿ ಹೊಡೆನೊಶೋನಿಗಳು ಇರೊಕ್ವಾ ನ್ಯಾಷನಲ್ಸ್ ತಂಡ ಕಟ್ಟಿದರು; ಇರೊಕ್ವಾ ಅನ್ನುವುದು ಅವರಿಗೇ ಇರುವ ಇನ್ನೊಂದು ಹೆಸರು. 1990ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮ್ಮದೇ ಬಾವುಟದಡಿ ಆಡುತ್ತಿದ್ದಾರೆ. 2010ರಲ್ಲಿ ಅವರ ಸ್ವಂತ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪದೆ, ತಂಡ ಮ್ಯಾಂಚೆಸ್ಟರ್‌ಗೆ ಹೋಗಲೇ ಇಲ್ಲ. 2014, 2018, 2023ರಲ್ಲಿ ಕಂಚು ಗೆದ್ದರು.

ಒಲಿಂಪಿಕ್ಸ್‌ನಲ್ಲಿಲ್ಲದ ಆಟಗಳ ಕೂಟವಾದ ವರ್ಲ್ಡ್ ಗೇಮ್ಸ್‌ನಲ್ಲೂ 2022ರಲ್ಲಿ ಅವರನ್ನು ಮೊದಲು ಬಿಟ್ಟಿದ್ದರು. ಆಗ ಐರ್ಲೆಂಡ್ ತಂಡ ತಾನಾಗಿ ಹಿಂದೆ ಸರಿದು ಜಾಗ ಕೊಟ್ಟಿತು. ಒಲಿಂಪಿಕ್ಸ್‌ನಲ್ಲಿ ಅಂಥ ದಾರಿಯೂ ಇಲ್ಲ, ಅಲ್ಲಿ ಮಾನ್ಯತೆ ಪಡೆದ ರಾಷ್ಟ್ರೀಯ ಒಲಿಂಪಿಕ್ ಸಮಿತಿ ಬೇಕು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಹೊಡೆನೊಶೋನಿಗಳ ಪರ ಮಾತಾಡಿದರು. ಅಮೆರಿಕ ಅಥವಾ ಕೆನಡಾ ತಂಡದಲ್ಲಿ ಸೇರಿ ಆಡಬಹುದು ಅನ್ನುವುದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಕೊಟ್ಟ ಉತ್ತರ.