ಹೊಳೆಯಲ್ಲಿ ನೀರಿದೆ, ಪಕ್ಕದ ಬಾವಿಯಲ್ಲಿ ಯಾಕಿಲ್ಲ?

ಮದ್ದೂರು, ಮಳವಳ್ಳಿ ಕಡೆ ಶಿಂಷಾ ದಡದ ರೈತರು ಕೇಳುವ ಪ್ರಶ್ನೆ ಇದು. ಅಂತರ್ಜಲದ ಕೆಲಸದಲ್ಲಿರುವ ನಾನು ಮೊದಲು ವಿಚಾರಿಸುವುದು, ಹತ್ತಿರದಲ್ಲಿ ಮರಳು ಎತ್ತಿದ್ದಾರಾ ಅಂತ.

ಮಂಡ್ಯ ಜಿಲ್ಲೆಯ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್, ನೈಸ್ ಬಂಡೆ. ನೀರು ನಿಲ್ಲುವುದು ಮೇಲಿನ ಕೊಳೆತ, ಅಂದ್ರೆ ಸವೆದು ಸಡಿಲವಾದ ಬಂಡೆಯಲ್ಲಿ ಮತ್ತು ಬಿರುಕುಗಳಲ್ಲಿ. ಆ ಕೊಳೆತ ಬಂಡೆ ತನ್ನ ಗಾತ್ರದ ನೂರಕ್ಕೆ 1.5ರಿಂದ 3 ಭಾಗದಷ್ಟು ನೀರು ಬಿಟ್ಟುಕೊಟ್ಟರೆ ಜಾಸ್ತಿ. ಹೊಳೆಯ ದಪ್ಪ ಕಣದ ಮರಳು 20 ಭಾಗಕ್ಕೂ ಮೇಲೆ ಕೊಡುತ್ತದೆ. ಅಂದ್ರೆ ಒಂದು ಘನ ಮೀಟರ್ ಮರಳಿನಲ್ಲಿ 200 ಲೀಟರಿಗೂ ಹೆಚ್ಚು. ಜಲಜೀವನ್ ಮಿಷನ್ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾಲ್ಕು ಜನರ ಮನೆಯ ಒಂದು ದಿನದ ನೀರು ಅಲ್ವಾ ಅದು? ಅದೂ ಪ್ರತಿ ಮಳೆಗಾಲ ಮತ್ತೆ ತುಂಬಿಕೊಳ್ಳುತ್ತಿದ್ದ ಜಾಗ. ಟಿಪ್ಪರ್ ಹತ್ತಿ ಹೋದ ಮೇಲೆ ತುಂಬುವುದಕ್ಕೆ ಏನೂ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಮಳೆ ನಿಂತ ಮೇಲೆ ದಡದ ನೆಲದೊಳಗಿನ ನೀರು ಹೊಳೆ ಕಡೆಗೆ ಜಿನುಗುತ್ತದೆ. ಅದು ಎಲ್ಲಿಯವರೆಗೆ ಇಳಿಯಬಹುದು ಅನ್ನುವುದನ್ನು ಹೊಳೆಯ ಮಟ್ಟವೇ ತೀರ್ಮಾನಿಸುತ್ತದೆ. ಹಿಟಾಚಿ ಬಿಟ್ಟು ತಳವನ್ನು ಎರಡು ಮೀಟರ್ ಅಗೆದರೆ ಹರಿವು ಕೆಳಗಿಳಿಯುತ್ತದೆ, ಹಿಂದೆಯೇ ದಡದ ನೀರೂ ಇಳಿಯುತ್ತದೆ. ಬಿಸಿ ಮೊದಲು ತಟ್ಟುವುದು ಹತ್ತಿರದ ತೆರೆದ ಬಾವಿಗೆ. ಹಾಗಾಗಿಯೇ ಕಣ್ಣೆದುರು ಹೊಳೆ ಹರಿಯುತ್ತಿದ್ದರೂ ರೈತ ಸಾಲ ಮಾಡಿ ಬೋರ್ ಕೊರೆಸುತ್ತಾನೆ. ನನಗೆ ತುಂಬ ಬೇಸರ ತರುವ ಸಂಗತಿ ಇದು. ಮರಳಿನ ದುಡ್ಡು ಒಬ್ಬರಿಗೆ, ಬೋರಿನ ಸಾಲ ಇನ್ನೊಬ್ಬರಿಗೆ.

ಕುಡಿಯುವ ನೀರಿಗೂ ಇದೇ ಗತಿ. ಊರಿಗೆ ನೀರೆತ್ತಲು ಹೊಳೆಯ ಮರಳಿನಲ್ಲಿ ತೋಡಿದ ಬಾವಿ, ಅಂದ್ರೆ ಜಾಕ್‌ವೆಲ್ ಇರುವ ಕಡೆ ಮರಳೇ ನೀರು ಸೋಸುತ್ತದೆ. ಅದು ತೆಳುವಾದರೆ ಕೆಸರು ನೀರು ಬರುತ್ತದೆ, ತಳ ಇಳಿದರೆ ಬೇಸಿಗೆಯಲ್ಲಿ ಪಂಪಿಗೆ ನೀರೇ ಎಟಕುವುದಿಲ್ಲ.

ಫಿಲ್ಟರ್ ಮರಳು ಇನ್ನೂ ಕೆಟ್ಟದ್ದು. ಹೊಲದ, ಕೆರೆಯ ಮಣ್ಣನ್ನು ಬೋರ್ ನೀರಿನಲ್ಲೇ ತೊಳೆದು ಮರಳು ತೆಗೆಯುತ್ತಾರೆ. ಮಣ್ಣೂ ಹೋಯಿತು, ನೀರೂ ಹೋಯಿತು.

ಹೊಳೆಯಲ್ಲಿ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆಯಬಾರದು. ಇದನ್ನು ಪತ್ತೆ ಮಾಡಲು ಯಂತ್ರ ಬೇಕಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಮಳೆ ಬೀಳದೇ ಇದ್ದರೂ ಗುಂಡಿಯಲ್ಲಿ ನೀರು ನಿಂತಿದ್ದರೆ ಅಗೆತ ಆ ಮಟ್ಟ ದಾಟಿದೆ ಎಂದೇ ಅರ್ಥ. ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ.

ಬಾವಿಯನ್ನೂ ಅಳೆಯಿರಿ. ಬೆಳಗ್ಗೆ ಮೋಟರ್ ಹಾಕುವ ಮುಂಚೆ, ಕಟ್ಟೆಯ ಮೇಲಿನ ಒಂದೇ ಗುರುತಿನಿಂದ ಹಗ್ಗ ಬಿಡಿ. ನೀರು ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಬರೆದಿಡಿ. ಸುಮ್ನೆ ‘ಬತ್ತಿದೆ’ ಅಂದರೆ ಅಧಿಕಾರಿಗಳು ಮಳೆ ಕಡಿಮೆ ಅಂತಾರೆ. ಮರಳು ಎತ್ತುವ ಮೊದಲಿನ ಅಳತೆ ಇದ್ದರೆ ಹಾಗೆ ಹೇಳಿ ಜಾರಿಕೊಳ್ಳುವುದು ಕಷ್ಟ. 2016ರ ಕೇಂದ್ರದ ಅಧಿಸೂಚನೆಯಂತೆ, ಜಿಲ್ಲೆಯಲ್ಲಿ ಎಲ್ಲಿ ಎಷ್ಟು ಮರಳು ತೆಗೆಯಬಹುದು ಅಂತ ಹೇಳುವ ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು 21 ದಿನ ಜನರ ಮುಂದೆ ಇಡಬೇಕು. ಆ ದಿನಗಳಲ್ಲೇ ನಿಮ್ಮ ಅಳತೆ, ಫೋಟೊ ಲಗತ್ತಿಸಿ ಜಿಲ್ಲಾಧಿಕಾರಿ ಕಚೇರಿಗೆ ಆಕ್ಷೇಪಣೆ ಕೊಡಿ, ಸ್ವೀಕೃತಿ ಪಡೆಯಿರಿ.